ಬೆಲೆಗೆ ಮೊದಲು ಪಟ್ಟಿ

ಮನೆಯ ಹಿರಿಯರು ತೀರಿಕೊಂಡ ಮೇಲೆ ದೊಡ್ಡ ಮನೆಯೊಂದನ್ನು ಖಾಲಿ ಮಾಡುವುದೆಂದರೆ ಸಾಮಾನ್ಯ ಕೆಲಸವಲ್ಲ. ತಿಥಿಯ ಊಟ ಮುಗಿಯುವವರೆಗೂ ಎಲ್ಲರ ಮಾತೂ ಮೆತ್ತಗಿರುತ್ತದೆ. ಎಲೆ ಎತ್ತಿದ ಮೇಲೆ ಯಾರೋ ಒಬ್ಬರು ‘ಮುಂದೇನು?’ ಎಂದು ಕೇಳುತ್ತಾರೆ. ಒಬ್ಬ ಮಗನಿಗೆ ರಜೆ ಇರುವುದು ಸೋಮವಾರದವರೆಗೆ; ಇನ್ನೊಬ್ಬನ ವಿಮಾನದ ಟಿಕೆಟ್ಟು ಆಗಲೇ ಆಗಿದೆ. ಮೊದಲು ಬಂಗಾರ, ಆಮೇಲೆ ಬೆಳ್ಳಿ, ಆಮೇಲೆ ತೇಗದ ಮಂಚ, ಬೀಟೆಯ ಬೀರು, ತಾಮ್ರದ ಹಂಡೆ. ಇವಕ್ಕೆಲ್ಲ ಬೆಲೆ ಕಟ್ಟುವುದು ಸುಲಭ. ಕೊನೆಗೆ ಉಳಿಯುವುದು ಅಟ್ಟದ ಮೇಲಿನ ಟ್ರಂಕು. ಅದರ ತುಂಬ ಕಾಗದ, ಕೈಬರಹದ ನೋಟುಬುಕ್ಕು, ಬೈಂಡು ಕಿತ್ತ ಹಳೆಯ ಪುಸ್ತಕ. ಓದಿ ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಅಷ್ಟರಲ್ಲಿ ಹಳೇ ಪೇಪರಿನವನು ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ.

ಈ ಆತುರ ನಮ್ಮ ಊರಿನದಷ್ಟೇ ಅಲ್ಲ, ನಮ್ಮ ಕಾಲದ್ದಷ್ಟೇ ಅಲ್ಲ. ಸುಮಾರು ಮುನ್ನೂರು ವರ್ಷಗಳ ಹಿಂದೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಬೀದಿಯ ಒಂದು ಸಿರಿವಂತ ಮನೆಯನ್ನು ಖಾಲಿ ಮಾಡಬೇಕಾಗಿ ಬಂತು. ಆ ಮನೆಯ ಯಜಮಾನನ ಹೆಸರು ಹೈಸ್ಕೂಲಿನ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು. ಆತ ಸರ್ ಐಸಾಕ್ ನ್ಯೂಟನ್.

ನ್ಯೂಟನ್ ಎಂದರೆ ಸೇಬಿನ ಮರದ ಕೆಳಗೆ ಕುಳಿತ ಏಕಾಂಗಿ ಯುವಕನ ಚಿತ್ರವೇ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಆತ 1696ರಲ್ಲಿ ಕೇಂಬ್ರಿಜ್ ಬಿಟ್ಟು ಲಂಡನ್ನಿಗೆ ಬಂದು ಸರ್ಕಾರದ ಟಂಕಸಾಲೆಯ ಅಧಿಕಾರಿಯಾದ. ಮುಂದೆ ಅದರ ಮುಖ್ಯಸ್ಥನೇ ಆದ. ಕೈತುಂಬ ಸಂಪಾದಿಸಿದ. ಆಗಿನ ಇಂಗ್ಲೆಂಡಿನ ಕ್ಯಾಲೆಂಡರಿನ ಪ್ರಕಾರ 1727ರ ಮಾರ್ಚ್ 20ರಂದು, ಈಗಿನ ಲೆಕ್ಕದಲ್ಲಿ ಮಾರ್ಚ್ 31ರಂದು, ತನ್ನ 84ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಆತನ ಆಸ್ತಿ ಸುಮಾರು 32,000 ಪೌಂಡ್. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಅದರಲ್ಲಿ ಹೆಚ್ಚಿನ ಪಾಲು ಷೇರುಗಳ ರೂಪದಲ್ಲಿತ್ತು.

ಗ್ರಹಗಳ ಚಲನೆಯನ್ನೇ ಲೆಕ್ಕಕ್ಕೆ ತಂದ ಮನುಷ್ಯ ಒಂದು ಕೆಲಸ ಮಾತ್ರ ಮಾಡಿರಲಿಲ್ಲ. ಉಯಿಲು ಬರೆದಿರಲಿಲ್ಲ.

ನ್ಯೂಟನ್ ಮದುವೆಯಾಗಿರಲಿಲ್ಲ. ಆತನ ತಾಯಿಗೆ ಎರಡನೆಯ ಮದುವೆಯಲ್ಲಿ ಹುಟ್ಟಿದ ಮಕ್ಕಳ ಮಕ್ಕಳು ಎಂಟು ಮಂದಿ ಇದ್ದರು. ಹಣ, ಸಾಮಾನು ಅವರ ಪಾಲಿಗೆ ಬಂತು. ಹುಟ್ಟೂರಿನ ಮನೆ, ಜಮೀನು ಆಗಿನ ಕಾನೂನಿನಂತೆ ತಂದೆಯ ಕಡೆಯ ಬಂಧುವಿಗೆ ಹೋಯಿತು. ಎಂಟು ಜನ ವಾರಸುದಾರರು, ಒಂದು ಮನೆ. ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

ಆದರೂ ಅವರು ಒಂದು ಒಳ್ಳೆಯ ಕೆಲಸ ಮಾಡಿದರು. ಕೆಲವೇ ವಾರಗಳಲ್ಲಿ ಮನೆಯ ಸಾಮಾನಿನ ಪಟ್ಟಿ ಮಾಡಿಸಿದರು. ಅದರಿಂದಲೇ ನ್ಯೂಟನ್ನನ ಮನೆಯ ತುಂಬ ಕಡುಗೆಂಪು ಬಣ್ಣವಿತ್ತೆಂಬುದು ನಮಗೆ ಗೊತ್ತಾಗಿರುವುದು. ಮಂಚದ ಹೊದಿಕೆ ಕೆಂಪು, ಪರದೆ ಕೆಂಪು, ಕೂರುವ ಆಸನವೂ ಕೆಂಪು. ಬಿಳಿಯ ಬೆಳಕನ್ನು ಏಳು ಬಣ್ಣಗಳಾಗಿ ಒಡೆದು ತೋರಿಸಿದವನಿಗೆ ಮನೆಯೊಳಗೆ ಒಂದೇ ಬಣ್ಣ ಸಾಕಾಗಿತ್ತು!

ಪುಸ್ತಕಗಳ ಸಾಲಿಗೆ ಬಂದಾಗ ಪಟ್ಟಿಯವರು ಹೆಸರು ಬರೆಯಲಿಲ್ಲ, ಗಾತ್ರದಂತೆ ಎಣಿಸಿದರು. ದೊಡ್ಡವು 362, ನಡುಗಾತ್ರದವು 477, ಚಿಕ್ಕವು 1,057. ಒಟ್ಟು 1,896. ಇವುಗಳ ಜೊತೆಗೆ ಕಿರುಹೊತ್ತಗೆಗಳು ಮತ್ತು ‘ವೇಸ್ಟ್ ಬುಕ್ಕು’ಗಳು ಒಂದು ಹಂಡ್ರೆಡ್‌ವೇಟಿಗಿಂತ ಹೆಚ್ಚು, ಅಂದರೆ 51 ಕಿಲೋಗ್ರಾಂಗಿಂತ ಹೆಚ್ಚು. ಎಲ್ಲ ಸೇರಿ ಕಟ್ಟಿದ ಬೆಲೆ 270 ಪೌಂಡ್. ನ್ಯೂಟನ್ನನ ಮನೆಯ ಬಾಗಿಲಲ್ಲೂ ತಕ್ಕಡಿ ಬಂದು ನಿಂತಿತ್ತೆಂದು ಇದರ ಅರ್ಥ.

ವೇಸ್ಟ್ ಬುಕ್ಕೆಂದರೆ ಆಗ ಕಸವೆಂದಲ್ಲ. ವ್ಯಾಪಾರಿಗಳು ಲೆಕ್ಕವನ್ನು ಖಾತೆಗೆ ಏರಿಸುವ ಮುನ್ನ ಗೀಚಿಡುತ್ತಿದ್ದ ಕಚ್ಚಾ ಪುಸ್ತಕ ಅದು. ನಮ್ಮ ಮಕ್ಕಳ ಭಾಷೆಯಲ್ಲಿ ಹೇಳುವುದಾದರೆ ರಫ್ ನೋಟ್ಸು. ನ್ಯೂಟನ್ ತನ್ನ ಮಲತಂದೆಯ ಒಂದು ದೊಡ್ಡ ಖಾಲಿ ಪುಸ್ತಕವನ್ನು ಹೀಗೆಯೇ ಬಳಸುತ್ತಿದ್ದ. ‘ವೇಸ್ಟ್ ಬುಕ್’ ಎಂಬ ಹೆಸರಿನಿಂದಲೇ ಪ್ರಸಿದ್ಧವಾದ ಆ ಪುಸ್ತಕ ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಇಂದು ಪಿ.ಯು. ವಿದ್ಯಾರ್ಥಿಗಳು ಬೆವರು ಸುರಿಸಿ ಕಲಿಯುವ ಕಲನಶಾಸ್ತ್ರದ ಮೊದಲ ಹೆಜ್ಜೆಗಳು ಅದರಲ್ಲಿವೆ. ರಫ್ ನೋಟ್ಸನ್ನು ವರ್ಷದ ಕೊನೆಗೆ ರದ್ದಿಗೆ ಹಾಕುವ ತಂದೆತಾಯಂದಿರು ಇದನ್ನೊಮ್ಮೆ ನೆನಪಿಸಿಕೊಳ್ಳಬೇಕು.

ಇರಲಿ, ಸಾಮಾನಿನ ಕಥೆಗೆ ಬರೋಣ. ಕೈಬರಹದ ಕಾಗದಗಳನ್ನು ಏನು ಮಾಡುವುದೆಂಬುದು ವಾರಸುದಾರರಿಗೆ ದೊಡ್ಡ ಸಮಸ್ಯೆಯಾಯಿತು. ಅಚ್ಚು ಮಾಡಿಸಿದರೆ ಹಣ ಬಂದೀತೆಂಬ ಆಸೆ. ಡಾಕ್ಟರ್ ಥಾಮಸ್ ಪೆಲೆಟ್ ಎಂಬಾತನನ್ನು ಪರೀಕ್ಷಿಸಲು ನೇಮಿಸಿದರು. ಆತ ಒಂದೊಂದೇ ಕಟ್ಟನ್ನು ನೋಡುತ್ತ ಹೋದ. ಬಹುಪಾಲಿನ ಮೇಲೆ ಅಚ್ಚಿಗೆ ಯೋಗ್ಯವಲ್ಲವೆಂಬ ಷರಾ ಬರೆದ. ಪುರಾತನ ರಾಜ್ಯಗಳ ಕಾಲಗಣನೆಯ ಪುಸ್ತಕವೊಂದು 1728ರಲ್ಲಿ ಹೊರಬಂತು. ಉಳಿದ ಕಾಗದಗಳನ್ನು ನ್ಯೂಟನ್ನನ ಸೋದರ ಸಂಬಂಧದ ಕ್ಯಾಥರೀನಳ ಗಂಡ ಜಾನ್ ಕಾಂಡ್ಯೂಯಿಟ್ ತನ್ನ ವಶಕ್ಕೆ ತೆಗೆದುಕೊಂಡ. ಟಂಕಸಾಲೆಯ ಲೆಕ್ಕದಲ್ಲಿ ನ್ಯೂಟನ್ನನ ಮೇಲಿದ್ದ ಹೊಣೆಯನ್ನೆಲ್ಲ ತಾನು ಹೊರುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟು ಆತ ಅವನ್ನು ಪಡೆದ. ಉಳಿದವರು ಹಣ ಹಂಚಿಕೊಂಡರು, ಈತ ಹೊಣೆಯ ಜೊತೆಗೆ ಕಾಗದಗಳನ್ನು ತೆಗೆದುಕೊಂಡ. ಪೆಲೆಟ್ ಬೇಡವೆಂದ ಕಾಗದಗಳೂ ಉಳಿದುಕೊಂಡದ್ದು ಈ ಒಬ್ಬನಿಂದ.

ಪುಸ್ತಕಗಳ ಹಾದಿ ಬೇರೆಯಾಯಿತು. ಲಂಡನ್ನಿನ ಫ್ಲೀಟ್ ಸೆರೆಮನೆಯ ಅಧಿಕಾರಿ ಜಾನ್ ಹಗಿನ್ಸ್ ಅಷ್ಟನ್ನೂ 300 ಪೌಂಡಿಗೆ ಒಟ್ಟಾಗಿ ಕೊಂಡು, ಆಕ್ಸ್‌ಫರ್ಡ್ ಬಳಿಯ ಚಿನ್ನರ್ ಎಂಬ ಊರಿನಲ್ಲಿ ಪಾದ್ರಿಯಾಗಿದ್ದ ತನ್ನ ಮಗನಿಗೆ ಕಳಿಸಿದ. 1750ರಲ್ಲಿ ಆ ಮಗ ತೀರಿಕೊಂಡ ಮೇಲೆ, ಅದೇ ಊರಿಗೆ ಪಾದ್ರಿಯಾಗಿ ಬಂದ ಮಸ್‌ಗ್ರೇವ್ 400 ಪೌಂಡ್ ಕೊಟ್ಟು ಕೊಂಡ. ಹಗಿನ್ಸನ ಹೆಸರಿನ ಚೀಟಿಯ ಮೇಲೆ ತನ್ನ ಚೀಟಿ ಅಂಟಿಸಿದ. ನ್ಯೂಟನ್ನಿಗೆ ಪುಸ್ತಕಗಳ ಮೇಲೆ ಹೆಸರು ಬರೆಯುವ ಅಭ್ಯಾಸ ಹೆಚ್ಚಾಗಿ ಇರಲಿಲ್ಲ. ತಲೆಮಾರು ಕಳೆದವು, ಪುಸ್ತಕಗಳು ಆ ವಂಶದ ಬಂಗಲೆ ಸೇರಿದವು. ಇವು ಯಾರ ಪುಸ್ತಕಗಳೆಂಬುದು ಮನೆಯವರಿಗೇ ಮರೆತುಹೋಯಿತು.

ಮರೆವಿನ ಫಲ 1920ರಲ್ಲಿ ಕಾಣಿಸಿತು. ಆ ಕುಟುಂಬದ ಸಾಮಾನಿನ ಹರಾಜು ನಡೆದಾಗ ಈ ಪುಸ್ತಕಗಳಲ್ಲಿ ಅರ್ಧಕ್ಕೂ ಹೆಚ್ಚಿನವನ್ನು ಕಟ್ಟು ಕಟ್ಟಾಗಿ ಮಾರಿದರು. ಬಂದ ಹಣ ಕೇವಲ 170 ಪೌಂಡ್. ಕೂಗಿದವನಿಗೂ ಕೊಂಡವನಿಗೂ ಅವು ನ್ಯೂಟನ್ನನ ಪುಸ್ತಕಗಳೆಂದು ತಿಳಿದಿರಲಿಲ್ಲ. ಯಾರೂ ಮೋಸ ಮಾಡಲಿಲ್ಲ, ಯಾರೂ ಕದಿಯಲಿಲ್ಲ. ಗೊತ್ತಿರಲಿಲ್ಲ, ಅಷ್ಟೆ.

ಈ ಕತ್ತಲೆಗೆ ಬೆಳಕು ತಂದದ್ದು ಒಂದು ಹಳೆಯ ಪಟ್ಟಿ. ಹಗಿನ್ಸ್ ಕೊಂಡ ಪುಸ್ತಕಗಳ ಹೆಸರಿನ ಪಟ್ಟಿಯೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿ ಉಳಿದಿತ್ತು. ಸೇನೆಯಿಂದ ನಿವೃತ್ತನಾಗಿದ್ದ ರಿಚರ್ಡ್ ಡಿ ವಿಲ್ಲಮಿಲ್ ಅದನ್ನು ಹಿಡಿದು ಹುಡುಕುತ್ತ ಬಾರ್ನ್‌ಸ್ಲೀ ಪಾರ್ಕ್ ಎಂಬ ಬಂಗಲೆಯಲ್ಲಿ ಅಳಿದುಳಿದ ಪುಸ್ತಕಗಳನ್ನು ಗುರುತಿಸಿದ. 1931ರಲ್ಲಿ ಆ ಪಟ್ಟಿಯನ್ನೂ 1727ರ ಸಾಮಾನಿನ ಪಟ್ಟಿಯನ್ನೂ ಸೇರಿಸಿ ಪುಸ್ತಕ ಬರೆದ. ಅದಕ್ಕೆ ಮುನ್ನುಡಿ ಬರೆದದ್ದು ಐನ್‌ಸ್ಟೈನ್! 1943ರಲ್ಲಿ ಪಿಲ್‌ಗ್ರಿಂ ಟ್ರಸ್ಟ್ ಎಂಬ ಸಂಸ್ಥೆ ಉಳಿದಿದ್ದ 858 ಸಂಪುಟಗಳನ್ನು 5,500 ಪೌಂಡ್ ಕೊಟ್ಟು ಕೊಂಡು, ನ್ಯೂಟನ್ ಓದಿದ ಟ್ರಿನಿಟಿ ಕಾಲೇಜಿಗೆ ಒಪ್ಪಿಸಿತು. 170 ಪೌಂಡಿಗೆ ಹೋದ ಪುಸ್ತಕಗಳೂ ಇವೂ ಒಂದೇ ಕಪಾಟಿನವು. ಕಾಗದ ಅದೇ, ಅಚ್ಚು ಅದೇ. ನಡುವೆ ಬಂದದ್ದು ತಿಳಿವಳಿಕೆ ಮಾತ್ರ.

ಆ ಪುಸ್ತಕಗಳಲ್ಲಿ ಇನ್ನೊಂದು ಗುರುತೂ ಇದೆ. ನ್ಯೂಟನ್ ಓದುವಾಗ ಪುಟದ ಮೂಲೆಯನ್ನು ಮಡಚುತ್ತಿದ್ದ. ಸುಮ್ಮನೆ ಅಲ್ಲ, ಮಡಚಿದ ತುದಿ ತನಗೆ ಬೇಕಾದ ಪದವನ್ನೇ ಮುಟ್ಟುವಂತೆ. ನಮ್ಮ ಮನೆಗಳಲ್ಲಿ ಹಾಗೆ ಮಡಚಿದರೆ ಬೈಗುಳ ಖಂಡಿತ! ಆದರೆ ಆತನ ಮನಸ್ಸು ಯಾವ ಪದದ ಮೇಲೆ ನಿಂತಿತ್ತೆಂಬುದನ್ನು ಇಂದಿನ ವಿದ್ವಾಂಸರು ಆ ಮಡಿಕೆಗಳಿಂದ ತಿಳಿಯುತ್ತಾರೆ. ತಕ್ಕಡಿಯಲ್ಲಿ ಮಡಿಕೆಗೆ ತೂಕವಿಲ್ಲ.

ಕೈಬರಹದ ಕಾಗದಗಳು ಕಾಂಡ್ಯೂಯಿಟ್‌ನ ಮಗಳ ಮೂಲಕ ಪೋರ್ಟ್ಸ್‌ಮತ್ ಮನೆತನಕ್ಕೆ ಸೇರಿದ್ದವು. 1872ರಲ್ಲಿ ಆ ಮನೆತನದವರು ವಿಜ್ಞಾನ, ಗಣಿತದ ಕಾಗದಗಳನ್ನು ಕೇಂಬ್ರಿಜ್‌ಗೆ ದಾನ ಕೊಡಲು ಮುಂದಾದರು. ಅವನ್ನು ವಿಂಗಡಿಸಿದವರಲ್ಲಿ ನೆಪ್ಚೂನ್ ಗ್ರಹದ ಸ್ಥಾನವನ್ನು ಲೆಕ್ಕದಿಂದ ಕಂಡ ಆಡಮ್ಸ್ ಇದ್ದ, ಸ್ಟೋಕ್ಸ್ ನಿಯಮದ ಸ್ಟೋಕ್ಸ್ ಇದ್ದ. 1888ರಲ್ಲಿ ಪಟ್ಟಿ ಅಚ್ಚಾಯಿತು. ಹದಿನಾರು ವರ್ಷ! ಅಂಥ ಘಟಾನುಘಟಿಗಳು ಕೂಡ ರಸವಿದ್ಯೆ, ಧರ್ಮಗ್ರಂಥಗಳ ಬಗ್ಗೆ ನ್ಯೂಟನ್ ಬರೆದದ್ದಕ್ಕೆ ವಿಜ್ಞಾನದ ಬೆಲೆಯಿಲ್ಲವೆಂದು ಅವನ್ನು ಮನೆತನಕ್ಕೇ ಹಿಂದಿರುಗಿಸಿದರು. 1936ರ ಜುಲೈಯಲ್ಲಿ ಅವು ಲಂಡನ್ನಿನ ಸಾದಬೀಸ್ ಹರಾಜಿಗೆ ಬಂದವು. 329 ಕಟ್ಟುಗಳು, ಎರಡು ದಿನ, ಬಂದದ್ದು 9,000 ಪೌಂಡಿಗಿಂತ ಸ್ವಲ್ಪ ಹೆಚ್ಚು. ಕಾಗದಗಳು ದಿಕ್ಕಾಪಾಲಾದವು. ಅರ್ಥಶಾಸ್ತ್ರಜ್ಞ ಕೇನ್ಸ್ ಹರಾಜಿನಲ್ಲಿಯೂ ಆಮೇಲೆ ವ್ಯಾಪಾರಿಗಳಿಂದಲೂ ಸಾಕಷ್ಟನ್ನು ಕೊಂಡು ಒಟ್ಟುಗೂಡಿಸಿದ. ಅವು ಈಗ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿವೆ. ಧರ್ಮದ ಕುರಿತ ಕಾಗದಗಳಲ್ಲಿ ಬಹುಪಾಲು ಯಹೂದಾ ಎಂಬ ವಿದ್ವಾಂಸನ ಕೈಸೇರಿ, ಕೊನೆಗೆ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಬಂದವು. ನ್ಯೂಟನ್ ಬರೀ ಲೆಕ್ಕದ ಯಂತ್ರವಾಗಿರಲಿಲ್ಲ, ಕುಲುಮೆಯ ಮುಂದೆ ರಾತ್ರಿಗಳನ್ನು ಕಳೆದ, ಧರ್ಮಗ್ರಂಥಗಳಲ್ಲಿ ವರ್ಷಗಟ್ಟಲೆ ಮುಳುಗಿದ ಮನುಷ್ಯನೆಂಬುದು ಈ ತಿರಸ್ಕೃತ ಕಾಗದಗಳಿಂದಲೇ ಸ್ಪಷ್ಟವಾಯಿತು. ಚೆದುರಿದ ಕಾಗದ ಎಲ್ಲಿಗೆ ಹೋಯಿತೆಂದು ಹುಡುಕುವವರಿಗೆ ಇಂದಿಗೂ ದಾರಿದೀಪ ಆ ಹರಾಜಿನ ಪಟ್ಟಿಯೇ.

ಪ್ರಯೋಗಾಲಯದಲ್ಲಿ ಒಂದು ನಿಯಮವಿದೆ. ಮೊದಲು ಕಂಡದ್ದನ್ನು ಬರೆ, ನಿರ್ಣಯ ಆಮೇಲೆ. ಮನೆ ಖಾಲಿ ಮಾಡುವುದಕ್ಕೂ ಇದೇ ನಿಯಮ ಸಲ್ಲುತ್ತದೆ. ಪಟ್ಟಿ ಎಂದರೆ ವೀಕ್ಷಣೆ. ಬೆಲೆ ಎಂದರೆ ನಿರ್ಣಯ. ನಿರ್ಣಯ ತಪ್ಪಬಹುದು. ಪೆಲೆಟ್ ತಪ್ಪಿದ, ಆಡಮ್ಸ್, ಸ್ಟೋಕ್ಸರೂ ತಪ್ಪಿದರು. ವೀಕ್ಷಣೆ ಬರೆದಿಟ್ಟಿದ್ದರೆ ತಪ್ಪನ್ನು ಎಂದಾದರೂ ತಿದ್ದಿಕೊಳ್ಳಬಹುದು. ಬರೆಯದೆ ಮಾರಿದ್ದನ್ನು ತಿದ್ದುವ ದಾರಿಯಿಲ್ಲ.

ಹಾಗಾದರೆ ಮನೆ ಖಾಲಿ ಮಾಡಬೇಕಾದವರು ಏನು ಮಾಡಬೇಕು? ಬೆಲೆಯ ಮಾತು ಎತ್ತುವ ಮುನ್ನ ಕೋಣೆಯಿಂದ ಕೋಣೆಗೆ ಹೋಗಿ ಪಟ್ಟಿ ಮಾಡಬೇಕು. ಪ್ರತಿ ಸಾಮಾನಿಗೂ ಒಂದು ಸಂಖ್ಯೆ, ಅದು ಯಾರದು, ಎಲ್ಲಿಂದ ಬಂತೆಂಬ ಒಂದು ಸಾಲು. ಈಗ ಫೋನಿನಲ್ಲೇ ಫೋಟೋ ತೆಗೆಯಬಹುದು. ಕೈಬರಹದ್ದನ್ನೆಲ್ಲ ಬೇರೆ ಪೆಟ್ಟಿಗೆಗೆ ತೆಗೆದಿಟ್ಟು, ಅದರ ಬಗ್ಗೆ ಕೊನೆಗೆ ತೀರ್ಮಾನಿಸಬೇಕು. ಪುಸ್ತಕವನ್ನು ತೂಕಕ್ಕೆ ಹಾಕುವ ಮುನ್ನ ಒಂದೊಂದನ್ನೂ ಬಿಡಿಸಿ ನೋಡಬೇಕು; ಒಳಗೆ ಹೆಸರು, ಪತ್ರ, ಪತ್ರಗಳ ನಡುವೆ ಮನೆಯ ದಸ್ತಾವೇಜೂ ಇದ್ದೀತು. ಓದಲು ಬಾರದ ಲಿಪಿಯಿದ್ದರೆ ಬಲ್ಲ ಮೇಷ್ಟರಿಗೋ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ತೋರಿಸಬೇಕು. ಪಟ್ಟಿಯ ಒಂದೊಂದು ಪ್ರತಿ ಪ್ರತಿಯೊಬ್ಬ ವಾರಸುದಾರನಿಗೂ ಸಿಗಬೇಕು. ಯಾವುದು ಯಾರಿಗೆ ಹೋಯಿತೆಂದು ಅದರಲ್ಲೇ ಗುರುತು ಹಾಕಬೇಕು. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಮಾರುವುದು ತಪ್ಪಲ್ಲ. ಎಲ್ಲವನ್ನೂ ಇಟ್ಟುಕೊಳ್ಳಲು ಯಾರ ಮನೆಯಲ್ಲೂ ಜಾಗವಿಲ್ಲ. ಸಾಮಾನು ಹೋದರೂ ಪಟ್ಟಿ ಉಳಿಯಬೇಕು, ಅಷ್ಟೆ. ಇನ್ನು ಹಿರಿಯರು ಇರುವಾಗಲೇ ಉಯಿಲು ಬರೆದಿಟ್ಟರೆ ಮಿಕ್ಕವರ ಕೆಲಸ ಎಷ್ಟೋ ಹಗುರ.

ಈ ಪಟ್ಟಿಯನ್ನು ಮಾಡಲು ಮನೆಯಲ್ಲಿ ಅತ್ಯಂತ ಯೋಗ್ಯರು ಯಾರು? ಶಾಲೆಗೆ ಹೋಗುವ ಮಕ್ಕಳು. ಅವರಿಗೆ ಬೆಲೆ ಗೊತ್ತಿಲ್ಲ, ಕುತೂಹಲವಿದೆ. ಅದಕ್ಕಾಗಿ ಮನೆಯಲ್ಲಿ ಸಾವು ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಟ್ರಂಕನ್ನು ಅಟ್ಟದಿಂದ ಇಳಿಸಿ, ಒಂದು ನೋಟುಬುಕ್ಕನ್ನು ಕೈಗೆತ್ತಿಕೊಂಡು, ‘ಅಜ್ಜೀ, ಇದು ಯಾರ ಅಕ್ಷರ?’ ಎಂದು ಕೇಳಿದರೆ ಸಾಕು. ಉತ್ತರ ಹೇಳುವುದಕ್ಕೆ ಅಜ್ಜಿ ಇರುವಾಗಲೇ ಕೇಳಬೇಕು.