ಪೆನ್ಸಿಲ್ಲಿನಲ್ಲಿ ಬರೆದ ಹೆಸರುಗಳು

ಆಟವೇ ನಡೆಯದ ಕಾಲದಲ್ಲಿ ಆಟದ ಬಗ್ಗೆ ಜನ ಅಷ್ಟೊಂದು ಮಾತನಾಡುವುದನ್ನು ನಾನು ಮೊದಲು ಕಂಡದ್ದು 2003ರ ಚಳಿಗಾಲದಲ್ಲಿ, ಅಮೆರಿಕದ ಬಾಸ್ಟನ್ ನಗರದ ಪಶ್ಚಿಮಕ್ಕಿರುವ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ. ಆಪಾಳಿಗೆ ಮೊದಲ ಹೆರಿಗೆ. ಅಮ್ಮಿಗೆ ಒಬ್ಬರೇ ವಿಮಾನ ಹತ್ತುವ ಧೈರ್ಯವಿರಲಿಲ್ಲ. ಡಿಗ್ರಿ ಮುಗಿಸಿ ದಾವಣಗೆರೆಯ ಮನೆಯಲ್ಲಿ ಕೂತಿದ್ದ ನನ್ನನ್ನೂ ಕಟ್ಟಿಕೊಂಡು ಹೊರಟರು. ನಾವು ಅಲ್ಲಿ ಮುಟ್ಟಿದ ಎರಡು ಮೂರು ದಿನಕ್ಕೆ ರಂಜಾನ್ ಶುರುವಾಯಿತು.

ಮರದ ಹಳೆಯ ಮನೆ. ಮೇಲೆ ಆಪಾ, ದುಲ್ಹಾಭಾಯಿ. ಕೆಳಗೆ ಮನೆಯ ಮಾಲೀಕರು, ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬಂಟಿ ಮುದುಕರು. ಅಮ್ಮಿ ಅವರಿಗೆ ಬಡೇಮಿಯಾ ಎಂದು ಹೆಸರಿಟ್ಟರು. ಮೊದಲ ದಿನ ಬಾಗಿಲಲ್ಲಿ ಅವರ ಮುಖ ನೋಡಿ ಅಮ್ಮಿ ಅಳಿಯನನ್ನು ಕೇಳಿದ್ದು, “ಪಾಪ, ಯಾರು ತೀರಿಕೊಂಡಿದ್ದಾರೆ?”

“ಯಾರೂ ಇಲ್ಲ ಅಮ್ಮಿಜಾನ್. ಆಟದಲ್ಲಿ ಸೋತಿದ್ದಾರೆ.”

ಆ ತಿಂಗಳ 16ರ ರಾತ್ರಿ ಬಾಸ್ಟನ್ನಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್, ನ್ಯೂಯಾರ್ಕ್ ಯಾಂಕೀಸ್ ಎದುರು ಕೈಗೆ ಬಂದ ಪಂದ್ಯವನ್ನು ಬಿಟ್ಟುಕೊಟ್ಟಿತ್ತು. ಎಂಟನೇ ಸರದಿಯಲ್ಲಿ 5-2ರ ಮುನ್ನಡೆ. ಚೆಂಡೆಸೆಯುತ್ತಿದ್ದವನು ಪೆಡ್ರೋ ಮಾರ್ಟಿನೆಜ್, ಆ ಕಾಲದ ಶ್ರೇಷ್ಠ. ಅವನ ತೋಳು ದಣಿದದ್ದು ಮೈದಾನದಲ್ಲಿದ್ದವರಿಗೆಲ್ಲ ಕಾಣುತ್ತಿತ್ತು. ಮ್ಯಾನೇಜರ್ ಗ್ರೇಡಿ ಲಿಟ್ಲ್ ಅವನ ಹತ್ತಿರ ಹೋದ, ಮಾತಾಡಿಸಿದ, ಅಲ್ಲೇ ಬಿಟ್ಟು ಬಂದ. ಸ್ಕೋರು ಸಮವಾಯಿತು, ಹನ್ನೊಂದನೇ ಸರದಿಯಲ್ಲಿ ಸೋಲಾಯಿತು. ಈ ತಂಡ ಕೊನೆಯ ಸಲ ಚಾಂಪಿಯನ್ ಆದದ್ದು 1918ರಲ್ಲಿ. ಬಡೇಮಿಯಾ ಹುಟ್ಟಿದ್ದು ಅದರ ನಂತರ.

ಅವರ ಅಡುಗೆಮನೆಯ ಫ್ರಿಜ್ಜಿನ ಮೇಲೆ ಒಂದು ಕಾಗದ ಅಂಟಿಸಿತ್ತು. ತಂಡದ ಹೆಸರುಗಳ ಪಟ್ಟಿ. ಕ್ಲಬ್ಬೊಂದು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಬಹುದಾದ ದೊಡ್ಡ ಪಟ್ಟಿ 40 ಜನರದು. ಆಗಿನ ನಿಯಮದಂತೆ ಪಂದ್ಯಕ್ಕೆ ಲಭ್ಯರಿರುವವರು 25. ಎಲ್ಲವನ್ನೂ ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಪೆನ್ನು ಯಾಕಿಲ್ಲ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಚಳಿಗಾಲದಲ್ಲಿ ಪೆನ್ನಿನಲ್ಲಿ ಬರೆಯುವವನು ಮೂರ್ಖ ಎಂದರು.

ಮೊದಲು ಅಳಿಸಿದ ಹೆಸರು ಮ್ಯಾನೇಜರಿನದು. ಅಕ್ಟೋಬರ್ ಕೊನೆಯಲ್ಲಿ ಅವನ ಒಪ್ಪಂದ ಮುಂದುವರಿಸುವುದಿಲ್ಲ ಎಂದು ಕ್ಲಬ್ಬು ಹೇಳಿತು. ಆ ಋತುವಿನಲ್ಲಿ 95 ಪಂದ್ಯ ಗೆದ್ದುಕೊಟ್ಟವನು. ಬೇಸ್‌ಬಾಲಿನಲ್ಲಿ ಮ್ಯಾನೇಜರ್ ಎಂದರೆ ಮೈದಾನದ ಯಜಮಾನ; ಅವನ ಮೇಲೆ ಕಚೇರಿಯಲ್ಲಿ ಜನರಲ್ ಮ್ಯಾನೇಜರ್. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಯಾರನ್ನು ಅದಲುಬದಲು ಮಾಡಬೇಕು ಎಲ್ಲ ಅವನದೇ. ಬಾಸ್ಟನ್ನಿನಲ್ಲಿ ಆ ಕುರ್ಚಿಯಲ್ಲಿದ್ದವನು ಥಿಯೋ ಎಪ್ಸ್ಟೀನ್. ಒಂದು ವರ್ಷ ಮೊದಲು, 28ನೇ ವಯಸ್ಸಿನಲ್ಲಿ, ಆ ಹುದ್ದೆಗೆ ಬಂದಾಗ ಬೇಸ್‌ಬಾಲಿನ ಇತಿಹಾಸದಲ್ಲೇ ಅಷ್ಟು ಚಿಕ್ಕವನು ಬೇರೆ ಇರಲಿಲ್ಲ. ಅದೇ ಕಾಲಕ್ಕೆ ಕ್ಲಬ್ಬು ಸಲಹೆಗಾರನನ್ನಾಗಿ ತಂದುಕೊಂಡದ್ದು ಬಿಲ್ ಜೇಮ್ಸ್ ಎಂಬವನನ್ನು. ಅವನು ಹಿಂದೆ ಕಾನ್ಸಾಸ್‌ನ ಒಂದು ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರನಾಗಿದ್ದು, ಬೇಸ್‌ಬಾಲಿನ ಅಂಕಿಸಂಖ್ಯೆಗಳ ಮೇಲೆ ಬರೆಯುತ್ತಾ ಹೆಸರಾದವನು. ಇದನ್ನು ಕೇಳಿದ ಮೇಲೆ ನನಗೆ ಆ ಆಟದ ಮೇಲೆ ಸ್ವಲ್ಪ ಗೌರವ ಬಂತು.

ಆದರೆ ನಾನು ಆ ಆಟಕ್ಕೆ ಅಂಟಿಕೊಂಡದ್ದು ಮ್ಯಾನಿ ರಮಿರೆಜ್‌ನಿಂದ. ತಂಡದಲ್ಲಿ ಅತಿ ಹೆಚ್ಚು ಸಂಬಳದ ದಾಂಡಿಗ; 2000ದ ಡಿಸೆಂಬರಿನಲ್ಲಿ ಮಾಡಿಕೊಂಡ ಎಂಟು ವರ್ಷದ ಒಪ್ಪಂದ, 16 ಕೋಟಿ ಡಾಲರ್. ಅಕ್ಟೋಬರ್ ಕಳೆಯುವ ಮೊದಲೇ ಕಚೇರಿ ಅವನನ್ನು ‘ವೇವರ್ಸ್’ ಎಂಬ ಪಟ್ಟಿಗೆ ಹಾಕಿತು. ಅಂದರೆ ಉಳಿದ 29 ಕ್ಲಬ್ಬುಗಳಲ್ಲಿ ಯಾರು ಬೇಕಾದರೂ ಬಂದು ಕರೆದುಕೊಂಡು ಹೋಗಿ, ನಮಗೊಂದು ಕಾಸೂ ಕೊಡಬೇಡಿ, ಅವನ ಉಳಿದ ಸಂಬಳ ಮಾತ್ರ ನೀವು ಹೊರಬೇಕು ಎಂದರ್ಥ. ಆ ಸಂಬಳ ಸುಮಾರು 10 ಕೋಟಿ ಡಾಲರ್. ಎರಡು ದಿನದ ಗಡುವು ಮುಗಿಯಿತು. ಯಾರೂ ಬರಲಿಲ್ಲ.

ಇಫ್ತಾರ್ ಮುಗಿಸಿ ಕೂತಾಗ ದುಲ್ಹಾಭಾಯಿ ಇದನ್ನು ವಿವರಿಸಿದರು. ಅಮ್ಮಿ ಖರ್ಜೂರದ ಬೀಜ ತಟ್ಟೆಗೆ ಹಾಕುತ್ತಾ, “ಹುಡುಗಿಯ ಫೋಟೋ ಹತ್ತು ಮನೆಗೆ ಕಳಿಸಿ, ಯಾರೂ ತಿರುಗಿ ಫೋನ್ ಮಾಡದ ಹಾಗಾಯಿತಲ್ಲ” ಎಂದರು. ನನ್ನ ಫೋಟೋ ಆಗ ಹುಬ್ಬಳ್ಳಿಯ ಒಂದು ಮನೆಯಲ್ಲಿತ್ತು. ಫೋನು ಬಂದಿರಲಿಲ್ಲ. ಅಂದಿನಿಂದ ಮ್ಯಾನಿ ನನ್ನವನಾದ.

ಆ ವರ್ಷ ಈದ್ ಮತ್ತು ಅಮೆರಿಕನ್ನರ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಒಂದೇ ವಾರದಲ್ಲಿ ಬಿದ್ದವು. ಅಮ್ಮಿ ಕೆಳಗೆ ಶೀರ್‌ಖುರ್ಮಾ ಕಳಿಸಿದರು, ಬಡೇಮಿಯಾ ಮೇಲಕ್ಕೆ ಕುಂಬಳಕಾಯಿಯ ಪೈ ತಂದರು. ತಂದವರು ಕೂತೇಬಿಟ್ಟರು. ಎಪ್ಸ್ಟೀನ್ ತನ್ನ ಸಹಾಯಕನೊಂದಿಗೆ ಅರಿಝೋನಾಕ್ಕೆ ಹೋಗಿ ಕರ್ಟ್ ಶಿಲ್ಲಿಂಗ್ ಎಂಬ ಪಿಚರಿನ ಮನೆಯಲ್ಲೇ ಹಬ್ಬದ ಊಟ ಮಾಡಿದ ಸುದ್ದಿ ಅದು. ಶಿಲ್ಲಿಂಗ್‌ನ ಒಪ್ಪಂದದಲ್ಲಿ ಅವನ ಒಪ್ಪಿಗೆಯಿಲ್ಲದೆ ಅವನನ್ನು ಬೇರೆ ಕ್ಲಬ್ಬಿಗೆ ಕೊಡುವಂತಿರಲಿಲ್ಲ. ಆದ್ದರಿಂದ ಹೆಣ್ಣು ಕೇಳಲು ಹೋದವರ ಹಾಗೆ ಮನೆಗೇ ಹೋಗಿ ಕೂರಬೇಕಾಯಿತು. ಹಬ್ಬದ ಮರುದಿನ ಒಪ್ಪಂದವಾಯಿತು. ಡಿಸೆಂಬರ್ ಮೊದಲ ವಾರ ಟೆರ್ರಿ ಫ್ರಾಂಕೋನಾ ಹೊಸ ಮ್ಯಾನೇಜರ್ ಆದ. ಫ್ರಿಜ್ಜಿನ ಮೇಲಿನ ಕಾಗದ ರಬ್ಬರಿನಲ್ಲಿ ಉಜ್ಜಿ ಉಜ್ಜಿ ತೆಳ್ಳಗಾಯಿತು.

ಅದೇ ವಾರ ಆಪಾಳಿಗೆ ಗಂಡುಮಗುವಾಯಿತು. ವಾರದ ಕೊನೆಗೆ ಬಿದ್ದ ಹಿಮದಲ್ಲಿ ಬೀದಿಯ ಕಾರುಗಳೆಲ್ಲ ಮುಚ್ಚಿಹೋದವು. ಬಡೇಮಿಯಾ ಆ ವಯಸ್ಸಿನಲ್ಲೂ ಸಲಿಕೆ ಹಿಡಿದು ಬಾಗಿಲಿನಿಂದ ರಸ್ತೆಯವರೆಗೆ ದಾರಿ ಬಿಡಿಸಿದರು.

ಇನ್ನು ಆ ಚಳಿಗಾಲದ ದೊಡ್ಡ ಸುದ್ದಿ. ಟೆಕ್ಸಾಸ್ ರೇಂಜರ್ಸ್ ತಂಡದಲ್ಲಿ ಅಲೆಕ್ಸ್ ರೊಡ್ರಿಗೆಜ್ ಎಂಬ ಆಟಗಾರನಿದ್ದ. ಹತ್ತು ವರ್ಷಕ್ಕೆ 25.2 ಕೋಟಿ ಡಾಲರ್. ಜಗತ್ತಿನ ಯಾವ ಬೇಸ್‌ಬಾಲ್ ಆಟಗಾರನಿಗೂ ಅಲ್ಲಿಯವರೆಗೆ ಅಷ್ಟು ಸಿಕ್ಕಿರಲಿಲ್ಲ. ಬಾಸ್ಟನ್ ಕಚೇರಿಗೆ ಅವನು ಬೇಕು, ಪ್ರತಿಯಾಗಿ ಮ್ಯಾನಿಯನ್ನು ಕೊಡುತ್ತದೆ. ಅವನು ಬಂದರೆ ಅದೇ ಜಾಗದಲ್ಲಿ ಆಡುವ ನೋಮರ್ ಗಾರ್ಸಿಯಾಪಾರಾ ಹೆಚ್ಚಾಗುತ್ತಾನೆ, ಅವನನ್ನು ಶಿಕಾಗೋಗೆ ಕಳಿಸುತ್ತದೆ. ನೋಮರ್ ಆ ಊರಿನ ಕಣ್ಮಣಿ, ನವೆಂಬರಿನಲ್ಲಷ್ಟೇ ಮದುವೆಯಾಗಿದ್ದ. ಹೊಸ ಮದುಮಗ ತನ್ನನ್ನು ಮಾರುವ ಸುದ್ದಿ ಪತ್ರಿಕೆಯಲ್ಲಿ ಓದುವುದು! ಎಲ್ಲ ಕೂಡಿಬಂತು, ಸಂಬಳವೊಂದು ಬಿಟ್ಟು. ಅಷ್ಟು ಹಣ ಕೊಡಲು ಬಾಸ್ಟನ್ನಿಗೆ ಮನಸ್ಸಿಲ್ಲ. ಬಾಸ್ಟನ್ನಿಗೆ ಬರಬೇಕೆಂಬ ಆಸೆಯಿಂದ ರೊಡ್ರಿಗೆಜ್ ತಾನೇ ಸುಮಾರು 3 ಕೋಟಿ ಡಾಲರ್ ಬಿಟ್ಟುಕೊಡಲು ಒಪ್ಪಿದ.

ಆಗ ಆಟಗಾರರ ಸಂಘ ಅಡ್ಡ ನಿಂತಿತು. ಒಪ್ಪಂದ ತಿದ್ದಬಹುದು, ಆದರೆ ಆಟಗಾರನಿಗೆ ಅದರಿಂದ ಲಾಭವಾಗಬೇಕು, ಬರೀ ಕಡಿತಕ್ಕೆ ನಮ್ಮ ಒಪ್ಪಿಗೆ ಇಲ್ಲ ಎಂದಿತು. ಸಣ್ಣ ಮೊತ್ತದ ಕಡಿತವಾದರೆ ಸರಿ, ಇಷ್ಟು ದೊಡ್ಡದು ಆಗದು. ಡಿಸೆಂಬರ್ 17ರ ಹೊತ್ತಿಗೆ ಎಲ್ಲ ನಿಂತುಹೋಯಿತು. ಬಡೇಮಿಯಾ ಸಂಘವನ್ನು ಬೈದ ಭಾಷೆಯನ್ನು ದುಲ್ಹಾಭಾಯಿ ನಮಗೆ ಅನುವಾದ ಮಾಡಲಿಲ್ಲ.

“ಕೊಡುವವನು ಖುಷಿಯಿಂದ ಕೊಡುತ್ತೇನೆ ಅನ್ನುವಾಗ ಇವರಿಗೇನು ಕಷ್ಟ?” ಎಂದು ನಾನು ಕೇಳಿದೆ.

ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಅಮ್ಮಿ ತಲೆ ಎತ್ತಲಿಲ್ಲ. “ಯೂನಿಯನ್ ಮಾಡಿದ್ದು ಸರಿ. ಇವತ್ತು ಅವನು ಕೊಟ್ಟರೆ ನಾಳೆ ಎಲ್ಲರನ್ನೂ ಕೇಳುತ್ತಾರೆ. ನಿನ್ನ ಅಬ್ಬಾನ ಮಿಲ್ಲಿನಲ್ಲಿ ಹೀಗೇ ಶುರುವಾದದ್ದು.”

ಅಬ್ಬಾ ದಾವಣಗೆರೆಯ ಬಟ್ಟೆ ಗಿರಣಿಯೊಂದರಲ್ಲಿ ನೂಲಿನ ವಿಭಾಗದಲ್ಲಿದ್ದರು. ಗಿರಣಿಗೆ ಕಷ್ಟ ಬಂದಾಗ ಕೆಲವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು, ಸಂಬಳ ಸ್ವಲ್ಪ ಬಿಟ್ಟುಕೊಟ್ಟರೆ ನಿನ್ನ ಕೆಲಸ ಉಳಿಯುತ್ತದೆ ಎಂದು ಕಾಗದಕ್ಕೆ ಸಹಿ ಮಾಡಿಸಿದರಂತೆ. ಆರು ತಿಂಗಳಲ್ಲಿ ಎಲ್ಲರ ಸಂಬಳವೂ ಇಳಿಯಿತು, ಮುಂದೆ ಗಿರಣಿಯೂ ಮುಚ್ಚಿತು. ನಾನು ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದೆ. ಅಬ್ಬಾ ಹಗಲು ಹೊತ್ತು ಮನೆಯಲ್ಲಿರುವುದು ನನಗೆ ಆಗ ರಜೆಯ ಹಾಗೆ ಕಂಡಿತ್ತು.

ದುಲ್ಹಾಭಾಯಿ ಮಾತಾಡದೆ ಎದ್ದುಹೋದರು. ರಾತ್ರಿ ನಾನು ಪಾತ್ರೆ ತೊಳೆಯುತ್ತಿದ್ದಾಗ ಅಡುಗೆಮನೆಗೆ ಬಂದು, ಒರೆಸುವ ಬಟ್ಟೆ ಕೈಗೆತ್ತಿಕೊಂಡು ತಟ್ಟೆ ಒರೆಸತೊಡಗಿದರು. ಎರಡು ತಟ್ಟೆ ಒರೆಸಿದ ಮೇಲೆ ಹೇಳಿದರು: “ಹೋದ ವಾರ ನನ್ನ ಹತ್ತಿರವೂ ಸಹಿ ಹಾಕಿಸಿಕೊಂಡರು. ನೂರಕ್ಕೆ ಹದಿನೈದು ಕಡಿಮೆ. ನಿಮ್ಮ ಆಪಾಳಿಗೆ ಹೇಳಬೇಡ, ಬಾಣಂತಿ.”

“ಒಪ್ಪಲ್ಲ ಅನ್ನಬಹುದಿತ್ತಲ್ಲ?”

“ಯಾರ ಬಲದ ಮೇಲೆ ಅನ್ನಲಿ? ವೀಸಾ ಕಂಪನಿಯದು. ಕೆಲಸ ಹೋದರೆ ಮನೆ ಖಾಲಿ ಮಾಡುವಷ್ಟು ಸಮಯವೂ ಕಾನೂನಿನಲ್ಲಿ ಇಲ್ಲ.”

ಅದು ನಿಜ. ಆ ವೀಸಾದವರು ಕೆಲಸ ಹೋದ ಮೇಲೆ ಅರವತ್ತು ದಿನದವರೆಗೆ ಉಳಿಯಬಹುದೆಂಬ ನಿಯಮ ಬಂದದ್ದು 2017ರಲ್ಲಿ. 25 ಕೋಟಿಯ ಒಡೆಯನಿಗೆ ಸಂಬಳ ಬಿಟ್ಟುಕೊಡಲು ಬಿಡದ ಸಂಘವಿದೆ, ಮಗುವಿನ ಡಯಾಪರಿಗೆ ಲೆಕ್ಕ ಹಾಕುವವನಿಗೆ ಯಾರೂ ಇಲ್ಲ. ಆ ರಾತ್ರಿ ನನಗೆ ಆ ಸಂಘದ ಮೇಲೆ ಸಿಟ್ಟು ಬಂದಿತ್ತು. ಶ್ರೀಮಂತರ ಯೂನಿಯನ್ ಎಂಥ ಯೂನಿಯನ್ ಎಂದು.

ಆಮೇಲೆ, ಕತೆ ಬರೆಯಲು ತೊಡಗಿದ ಮೇಲೆ, ಆ ಸಂಘದ ಹಿಂದಿನದನ್ನು ಓದಿದೆ. ಬೇಸ್‌ಬಾಲಿನಲ್ಲಿ ಸುಮಾರು ನೂರು ವರ್ಷ ಒಂದು ಕರಾರು ಇತ್ತು. ಒಪ್ಪಂದದ ಅವಧಿ ಮುಗಿದರೂ ಆಟಗಾರ ಅದೇ ಕ್ಲಬ್ಬಿನ ಸೊತ್ತು. ಅವರು ಕೊಟ್ಟಷ್ಟು ತೆಗೆದುಕೊಳ್ಳಬೇಕು, ಮಾರಿದಲ್ಲಿಗೆ ಹೋಗಬೇಕು, ಇಲ್ಲವೇ ಆಟ ಬಿಡಬೇಕು. ರೆಡ್ ಸಾಕ್ಸ್ ಬೇಬ್ ರೂತ್‌ನನ್ನು ಒಂದು ಲಕ್ಷ ಡಾಲರಿಗೆ ಯಾಂಕೀಸ್‌ಗೆ ಮಾರಿದ್ದೂ ಇಂಥದೇ ಒಂದು ಚಳಿಗಾಲದಲ್ಲಿ, 1919ರ ಡಿಸೆಂಬರ್ ಕೊನೆಯಲ್ಲಿ. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರನನ್ನು ಹನ್ನೆರಡು ವರ್ಷ ದುಡಿಸಿಕೊಂಡು ಫಿಲಡೆಲ್ಫಿಯಾಕ್ಕೆ ಕೊಟ್ಟಿತು. ಅವನು ಹೋಗಲಿಲ್ಲ. ತಾನು ಕೊಳ್ಳುವ ಮಾರುವ ವಸ್ತುವಲ್ಲ ಎಂದು ಆ ಡಿಸೆಂಬರಿನಲ್ಲಿ ಕಮಿಷನರಿಗೆ ಪತ್ರ ಬರೆದ, ಸಂಘದ ನೆರವಿನಿಂದ ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-3ರಿಂದ ಸೋತ. ಅಷ್ಟರಲ್ಲಿ ಅವನ ಆಟವೂ ಮುಗಿದಿತ್ತು. ಆ ಕರಾರು ಮುರಿದದ್ದು 1975ರ ಡಿಸೆಂಬರಿನಲ್ಲಿ, ಬೇರೆ ಇಬ್ಬರು ಪಿಚರುಗಳ ದೂರಿನ ಮೇಲೆ ಮಧ್ಯಸ್ಥಗಾರನೊಬ್ಬ ಕೊಟ್ಟ ತೀರ್ಪಿನಿಂದ. ರೊಡ್ರಿಗೆಜ್‌ನ ಕೋಟಿಗಳು ಬಂದದ್ದು ಆ ದಾರಿಯಲ್ಲಿ. ಅವು ಅವನೊಬ್ಬನವಲ್ಲ ಎಂದು ಸಂಘ ಭಾವಿಸಿದ್ದರಲ್ಲಿ ಅರ್ಥವಿತ್ತು. ಅಮ್ಮಿ ಇದನ್ನು ಓದದೆಯೇ ಹೇಳಿದ್ದರು.

(ನಮ್ಮಲ್ಲಿ 2008ರಿಂದ ಕ್ರಿಕೆಟಿಗರ ಹರಾಜು ನಡೆಯುತ್ತಿದೆ. 2019ರಲ್ಲಿ ಆಟಗಾರರ ಸಂಘವೊಂದು ಹುಟ್ಟಿತು, ಆದರೆ ಅದು ನಿವೃತ್ತರದು. ಹರಾಜಿನಲ್ಲಿ ನಿಲ್ಲುವವರದಲ್ಲ. ಇನ್ನೊಂದು ಮಾತು: ನೌಕರಿ, ಹಾಜರಿ, ಬದಲಿ, ವಜಾ, ಬರ್ಖಾಸ್ತು, ರಾಜೀನಾಮೆ — ಕನ್ನಡ ಶಾಲೆಗೆ ಸೇರಿದಾಗ ನನಗೆ ಮೊದಲೇ ಗೊತ್ತಿದ್ದ ಪದಗಳು ಇವು. ಉರ್ದುವೂ ಕನ್ನಡವೂ ಕೆಲಸಕ್ಕೆ ಸೇರುವ, ಕೆಲಸ ಕಳೆದುಕೊಳ್ಳುವ ಮಾತನ್ನು ಒಂದೇ ಅಂಗಡಿಯಿಂದ ತಂದಿವೆ.)

ಫೆಬ್ರವರಿಯಲ್ಲಿ ರೊಡ್ರಿಗೆಜ್ ಹೋದದ್ದು ಯಾಂಕೀಸ್‌ಗೆ, ಬದ್ಧವೈರಿಗಳ ಮನೆಗೆ. ಅಂದು ಬಡೇಮಿಯಾ ಬಾಗಿಲೇ ತೆಗೆಯಲಿಲ್ಲ. ಮಾರ್ಚಿನಲ್ಲಿ ನಾನು, ಅಮ್ಮಿ ಊರಿಗೆ ಬಂದೆವು. ಜೂನಿನಲ್ಲಿ ದುಲ್ಹಾಭಾಯಿಯ ಕೆಲಸ ಹೋಯಿತು. ಹದಿನೈದು ಬಿಟ್ಟುಕೊಟ್ಟದ್ದಕ್ಕೆ ಸಿಕ್ಕಿದ್ದು ಆರು ತಿಂಗಳು. ಕಾರು ಮಾರಿ ಮೂವರೂ ಬೆಂಗಳೂರಿಗೆ ಬಂದರು. ಜುಲೈ ಕೊನೆಗೆ ನೋಮರ್‌ನನ್ನೂ ಶಿಕಾಗೋಗೆ ಕೊಟ್ಟರು, ಆದರೆ ಈ ಸಲ ಆ ಊರಿನ ಇನ್ನೊಂದು ತಂಡಕ್ಕೆ.

ಅಕ್ಟೋಬರಿನಲ್ಲಿ ಮತ್ತೆ ರಂಜಾನ್, ಮತ್ತೆ ಯಾಂಕೀಸ್. ರೆಡ್ ಸಾಕ್ಸ್ ಮೊದಲ ಮೂರೂ ಪಂದ್ಯ ಸೋತು, ಉಳಿದ ನಾಲ್ಕನ್ನೂ ಗೆದ್ದಿತು. ಬೇಸ್‌ಬಾಲಿನಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ನಾಲ್ಕನೆಯದನ್ನೂ ಐದನೆಯದನ್ನೂ ಕೊನೆಯ ಹೊಡೆತದಲ್ಲಿ ಗೆಲ್ಲಿಸಿದವನು ಡೇವಿಡ್ ಒರ್ಟಿಜ್. ಮಿನ್ನೆಸೋಟಾ ತಂಡ 2002ರ ಡಿಸೆಂಬರಿನಲ್ಲಿ ಬೇಡವೆಂದು ಬಿಟ್ಟವನನ್ನು ಎಪ್ಸ್ಟೀನ್ ಹನ್ನೆರಡೂವರೆ ಲಕ್ಷ ಡಾಲರಿಗೆ ತಂದಿದ್ದ. ಕಚೇರಿಯ ಜಾಣತನವನ್ನು ಇಲ್ಲಿ ಒಪ್ಪಲೇಬೇಕು. ಆದರೆ ಅದೇ ಕಚೇರಿ ಅಂದುಕೊಂಡಂತೆ ಎಲ್ಲ ನಡೆದಿದ್ದರೆ ಮ್ಯಾನಿ ಟೆಕ್ಸಾಸ್‌ನಲ್ಲಿರುತ್ತಿದ್ದ.

ಅಕ್ಟೋಬರ್ 28ರ ಬೆಳಿಗ್ಗೆ ನಾನು ಬೆಂಗಳೂರಿನ ಅವರ ಬಾಡಿಗೆ ಮನೆಯಲ್ಲಿದ್ದೆ. ಸಹರಿ ಮುಗಿಸಿ, ಫಜರ್ ಮಾಡಿ, ದುಲ್ಹಾಭಾಯಿ ಮಲಗದೆ ಕಂಪ್ಯೂಟರಿನ ಮುಂದೆ ಕೂತಿದ್ದರು. ಒಂಬತ್ತು ಗಂಟೆ ದಾಟಿತ್ತು, ಅಲ್ಲಿ ಮಧ್ಯರಾತ್ರಿ ಹತ್ತಿರ. ಸೇಂಟ್ ಲೂಯಿಸ್ ಎದುರು ನಾಲ್ಕಕ್ಕೆ ನಾಲ್ಕೂ ಗೆದ್ದು, 86 ವರ್ಷಗಳ ಮೇಲೆ ರೆಡ್ ಸಾಕ್ಸ್ ಚಾಂಪಿಯನ್. ಸರಣಿಯ ಶ್ರೇಷ್ಠ ಆಟಗಾರ ಮ್ಯಾನಿ ರಮಿರೆಜ್. “ನೋಡು, ನಿನ್ನವನಿಗೆ ಕೊಟ್ಟರು” ಎಂದು ನನ್ನನ್ನು ಕರೆದರು. ಒಂದು ವರ್ಷ ಹಿಂದೆ ಪುಕ್ಕಟೆ ಕೊಟ್ಟರೂ ಯಾರೂ ತೆಗೆದುಕೊಳ್ಳದವನು.

ಫೋನ್ ಕಾರ್ಡಿನ ನಂಬರು ಕೆರೆದು ಬಡೇಮಿಯಾಗೆ ಕರೆ ಮಾಡಿದರು. ಅವರು ಅಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಅಂಗಳದಲ್ಲಿ ನಿಂತು ಚಂದ್ರಗ್ರಹಣ ನೋಡಿದೆ, ಒಳಗೆ ಬಂದು ಗೆಲುವು ನೋಡಿದೆ ಎಂದರಂತೆ. ಮಗು ನಡೆಯುತ್ತಿದೆಯಾ ಎಂದು ಕೇಳಿದರು. ಆಮೇಲೆ ಕೆಲಸ ಸಿಕ್ಕಿತಾ ಎಂದು ಕೇಳಿದರು. ದುಲ್ಹಾಭಾಯಿ ಒಳಗಿನ ಕೋಣೆಯ ಕಡೆಗೆ ಒಮ್ಮೆ ನೋಡಿ, “ಸೋಮವಾರ ಒಂದು ಇಂಟರ್‌ವ್ಯೂ ಇದೆ” ಎಂದರು.

ಇಡುವ ಮೊದಲು ಬಡೇಮಿಯಾ ಏನೋ ಹೇಳಿದರು, ದುಲ್ಹಾಭಾಯಿ ನಕ್ಕರು. ಪೆಡ್ರೋನ ಒಪ್ಪಂದ ಈ ವರ್ಷಕ್ಕೆ ಮುಗಿಯಿತು, ನಾಳೆ ಬೆಳಿಗ್ಗೆ ಫ್ರಿಜ್ಜಿಗೆ ಹೊಸ ಕಾಗದ ಅಂಟಿಸಬೇಕು ಎಂದರಂತೆ. ಪೆಡ್ರೋ ಆ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಮೆಟ್ಸ್ ಸೇರಿದ.