ಪುಚ್ಚಗೆ ಶೀತ ಆದರೆ

ಆಟಿ ತಿಂಗಳಿಲಿ ನವಗೆ ಶೀತ ಅಪ್ಪದು ಹೊಸತ್ತಲ್ಲ. ಶುಂಠಿ ಕಷಾಯವೋ, ಗೆಣಮೆಣಸಿನ ಸಾರೋ ಕುಡುದು ಹೇಂಗಾರೂ ಸುಧಾರ್ಸುತ್ತು. ಪುಚ್ಚಗೆ ಶೀತ ಆದರೆ? "ಪುಚ್ಚಗೂ ಶೀತವೋ!" ಹೇಳಿ ನೆಗೆ ಮಾಡುವವು ಇದ್ದವು. ಆಚೆಮನೆ ಅಕ್ಕ ಮೊನ್ನೆ ಫೋನು ಮಾಡಿದವು, ಅವರ ಪುಚ್ಚೆಮರಿಯ ಕಣ್ಣು ಅಂಟಿಗೊಂಡಿದಡ. ಫೋನಿಲಿ ಹೇಳಿ ಮುಗಿವ ವಿಷಯ ಅಲ್ಲ, ಹಾಂಗಾಗಿ ಬರೆತ್ತಾ ಇದ್ದೆ.

ಬೆಳ್ಳಿ ಎಂಗಳ ಅತ್ತೆಯ ಪುಚ್ಚೆ. ಅತ್ತಗೆ 84 ವರ್ಷ, ಇರುಳು ಅವರ ಕಾಲಬುಡಲ್ಲಿಯೇ ಅದರ ಒರಕ್ಕು. ಕಳುದ ಆಟಿಲಿ ಒಂದು ಉದಿಯಪ್ಪಗ ಅತ್ತೆ "ಇದು ಇರುಳಿಡೀ ಸೀನಿದ್ದು, ನೋಡು" ಹೇಳಿದವು. ನೋಡುವಗ ಎರಡೂ ಕಣ್ಣಿಂದ ನೀರು, ಮೂಗಿಲಿ ಹಳದಿ ಸಿಂಬಳ. ಹಾಲು ಅಶನ ಹಾಕಿರೆ ಹತ್ತರೆ ಬಂತು, ತಿರುಗಿ ಹೋತು. ಒಲೆಕಟ್ಟೆಲಿ ಬೂದಿ ಬೆಚ್ಚಂಗಿಪ್ಪಲ್ಲಿ ಮುದುಡಿ ಕೂದತ್ತು.

ಪುಚ್ಚಗೆ ಊಟ ಹೇಳಿರೆ ಮೂಗು. ಪರಿಮ್ಮಳ ಗೊಂತಾಗದ್ರೆ ಎದುರು ಎಂತ ಮಡುಗಿರೂ ಅದು ಮುಟ್ಟುತ್ತಿಲ್ಲೆ. ಜ್ವರ ಬಂದರೆ ಒಂದು ದಿನ ಲಂಘನ ಒಳ್ಳೆದು ಹೇಳಿ ನಮ್ಮ ಹೆರಿಯೋರು ಹೇಳುಗು, ಆದರೆ ಪುಚ್ಚಗೆ ಆ ಲೆಕ್ಕ ಹಿಡಿವಲಾಗ. ಎರಡು ಮೂರು ದಿನ ಹೊಟ್ಟಗೆ ಎಂತದೂ ಬೀಳದ್ರೆ ಮೈಯ ಕೊಬ್ಬು ಹೋಗಿ ಲಿವರಿಲಿ ತುಂಬುತ್ತು, ತೋರ ಪುಚ್ಚೆಗೊಕ್ಕೆ ಇದು ಇನ್ನೂ ಅಪಾಯ. ಶೀತಂದ ಬದುಕ್ಕಿದ್ದು ಉಪವಾಸಂದ ಹೋಪಲೂ ಸಾಕು.

ಹೆಡಗೆಲಿ ಕೂರ್ಸಿ, ಮೇಲಂದ ಇನ್ನೊಂದು ಹೆಡಗೆ ಕವುಂಚಿ ಕಟ್ಟಿ, ರಿಕ್ಷಲ್ಲಿ ಪೇಟೆಯ ಡಾಕ್ಟ್ರಲ್ಲಿಗೆ ಹೋದೆ. ದಾರಿ ಇಡೀ ಅದರ ಬೊಬ್ಬೆ. ಜ್ವರ ನೋಡುವಗ 104 ಡಿಗ್ರಿ ಇತ್ತು. (101, 102 ಪುಚ್ಚಗೆ ಸಹಜವೇ, ನಮ್ಮ ಲೆಕ್ಕಲ್ಲಿ ಹೆದರೆಕ್ಕು ಹೇಳಿ ಇಲ್ಲೆ.) ಪುಚ್ಚೆಗಳ ಶೀತ ಹೆಚ್ಚಾಗಿ ಹರ್ಪಿಸ್ ಅಲ್ಲದ್ರೆ ಕ್ಯಾಲಿಸಿ ಹೇಳ್ತ ವೈರಸ್ಸಿಂದ ಬಪ್ಪದಡ. ಆಂಟಿಬಯೋಟಿಕ್ ಕೊಡುದು ಆ ವೈರಸ್ಸಿಂಗೆ ಅಲ್ಲ, ಅದರ ಹಿಂದಂದ ಬಂದು ಸೇರುವ ಬ್ಯಾಕ್ಟೀರಿಯಕ್ಕೆ. ಬೆಳ್ಳಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಬರದು ಕೊಟ್ಟವು. ಮಾತ್ರೆ ನುಂಗುಸಿದ ಕೂಡ್ಲೆ ರಜ್ಜ ನೀರು ಕುಡಿಶೆಕ್ಕು, ಒಣಗಿದ ದೊಂಡೆಲಿ ಅದು ಅಂಟಿರೆ ಅಲ್ಲಿಯೇ ಹುಣ್ಣಾವ್ತು. ನಮ್ಮ ಜ್ವರದ ಮಾತ್ರೆ, ಆ ಪಾರಸಿಟಮಲ್, ತುಂಡು ಮಾಡಿಯೂ ಕೊಡ್ಲಾಗ. ಪುಚ್ಚೆಯ ಜೀವ ತೆಗವಲೆ ಒಂದೇ ಮಾತ್ರೆ ಸಾಕು.

ಇನ್ನು ಹಬೆ. ಬೆಶಿನೀರ ಕೊಟ್ಟಗೆ ಬೆಚ್ಚಂಗಿರ್ತು ಸರಿ, ಆದರೆ ಅಲ್ಲಿ ಹೊಗೆ. ಹಾಂಗಾಗಿ ಒಳಾಣ ಬಾತ್‌ರೂಮಿಲಿ ಗೀಸರಿನ ಬೆಶಿನೀರು ಬಾಲ್ದಿಗೆ ಬಿಟ್ಟು, ಬಾಗಿಲು ಹಾಕಿ, ಅದರ ಮಡಿಲಿಲಿ ಕೂರ್ಸಿಗೊಂಡು ಹತ್ತು ಹದಿನೈದು ನಿಮಿಷ ಕೂಪದು, ದಿನಕ್ಕೆ ಎರಡು ಸರ್ತಿ. ನಾವು ಮಾಡುವ ಹಾಂಗೆ ಪಾತ್ರೆ ಮೇಲೆ ಮೋರೆ ಬಗ್ಗುಸುಲೆ ಹೆರಡೆಡಿ, ಹಾರಿ ನೀರಿಂಗೆ ಬೀಳುಗು. "ಎರಡು ಹನಿ ನೀಲಗಿರಿ ಎಣ್ಣೆ ಹಾಕುವನೋ?" ಹೇಳಿ ಇವು ಕೇಳಿದವು. ನೀಲಗಿರಿ, ಕರ್ಪೂರ, ವಿಕ್ಸ್ ಯಾವುದೂ ಪುಚ್ಚಗೆ ಆಗ, ವಿಷವೇ.

ಹಬೆಲಿ ಸಿಂಬಳ ಮೆಸ್ತಂಗೆ ಆದಪ್ಪಗ ಉದ್ದಿ ತೆಗೆಯೆಕ್ಕು. ಅರ್ಧ ಲೀಟರು ಕೊದುಶಿ ತಣಿಶಿದ ನೀರಿಂಗೆ ಒಂದು ಸಣ್ಣ ಚಮಚಕ್ಕೆ ರಜ್ಜ ಕಮ್ಮಿ ಉಪ್ಪು, ಅದರಲ್ಲಿ ಹತ್ತಿ ಅದ್ದಿ ಕಣ್ಣಿನ ಮೇಲೆ ರಜ್ಜ ಹೊತ್ತು ಹಿಡಿಯೆಕ್ಕು, ಒಣಗಿದ್ದರ ಎಳವಲಾಗ. ಮೂಗಿನ ಹೊಡೆಂದ ಹೆರಾಂಗೆ ಉದ್ದುದು, ಒಂದೊಂದು ಕಣ್ಣಿಂಗೆ ಬೇರೆ ಬೇರೆ ಹತ್ತಿ. ಎರಡು ದಿನ ಎನ್ನ ಕೈಗೆ ಪರಂಚಿತ್ತು, ಮೂರನೇ ದಿನಕ್ಕೆ ಅದಾಗಿಯೇ ಮೋರೆ ಕೊಟ್ಟತ್ತು.

ಇದೆಲ್ಲ ಅಕ್ಕು. ತಿಂಬ ವಿಷಯವೇ ಬಂಙ ಆದ್ದು. ಜೋರು ವಾಸನೆ ಇಪ್ಪ ತಿಂಡಿ ಕೊಡಿ ಹೇಳಿ ಡಾಕ್ಟ್ರು ಮೀನಿನ ಪೊಟ್ಟಣ ಐದು ಕೊಟ್ಟಿತ್ತಿದ್ದವು. ಪರ್ವದ ದಿನ ನೀರುಳ್ಳಿಯನ್ನೂ ಅಟ್ಟುಂಬೊಳಕ್ಕೆ ತಾರದ್ದ ಮನೆ ಎಂಗಳದ್ದು. ಇವು ಪೊಟ್ಟಣದ ಚಿತ್ರ ನೋಡಿಕ್ಕಿ "ಎನ್ನತ್ರೆ ಕೇಳೆಡ" ಹೇಳಿ ತೋಟಕ್ಕೆ ಇಳುದವು. ತುಪ್ಪ ಕಲಸಿದ ಬೆಶಿ ಅಶನ ಮಡುಗಿ ನೋಡಿದೆ, ಆತಿಲ್ಲೆ. ಎರಡನೇ ದಿನ ಹೊತ್ತೋಪಗ ಅದಕ್ಕೆ ಎದ್ದು ನಿಂಬಲೂ ಎಡಿಯ. ಪೊಟ್ಟಣ ಜೆಗಿಲಿಲಿ, ಆನು ಒಳ. ಅತ್ತೆ ಮಂಚಲ್ಲಿ ಕೂದೊಂಡು ಇದರ ಎಲ್ಲ ನೋಡ್ತಾ ಇತ್ತಿದ್ದವು.

"ಇಲಿ ತಿಂದಿಕ್ಕಿ ಬಂದು ಎನ್ನ ಕಾಲಬುಡಲ್ಲಿ ಒರಗುದು ಅದು. ಅಂಬಗ ಇಲ್ಲದ್ದ ಮೈಲಿಗೆ ಈಗ ಎಲ್ಲಿಂದ ಬಂತು? ಹಟ್ಟಿಯ ಕರೆಲಿ ಕೊಡು. ಕೊಟ್ಟಿಕ್ಕಿ ಮಿಂದು ಬಾ" ಹೇಳಿದವು.

ತಟ್ಟೆ ಬೇಡ ಹೇಳಿ ಗೆರಟೆ ತೆಕ್ಕೊಂಡೆ, ಕಡೇಂಗೆ ಇಡ್ಕುಲಕ್ಕನ್ನೆ. ಪೊಟ್ಟಣವ ಬೆಶಿನೀರಿಲಿ ಮಡುಗಿ ಮೈ ಬೆಶಿಯಷ್ಟು ಬೆಚ್ಚಂಗೆ ಮಾಡಿದೆ, ಬೆಚ್ಚಂಗಾದರೆ ವಾಸನೆ ಹೆಚ್ಚು. ಮೂಗು ಉದ್ದಿ, ಬೆರಳಿಲಿ ರಜ್ಜ ತೆಗದು ಅದರ ತುಟಿಗೆ ಮುಟ್ಟುಸಿದೆ. ನಕ್ಕಿತ್ತು. ಇನ್ನೊಂದರಿ ಮುಟ್ಟುಸಿದೆ, ಇನ್ನೊಂದರಿ ನಕ್ಕಿತ್ತು. ಮತ್ತೆ ಮೋರೆಯ ಗೆರಟೆಯ ಒಳ ಹಾಕಿತ್ತು. ಮಳೆ ಹೊಯ್ತಾ ಇತ್ತು, ಆನು ಕೊಡೆ ಹಿಡ್ಕೊಂಡು ನೋಡಿಗೊಂಡೇ ನಿಂದೆ. ಮಿಂದಿಕ್ಕಿ ಬಪ್ಪಗ ಅತ್ತೆ "ತಿಂದತ್ತೋ?" ಕೇಳಿದವು. "ಅರ್ಧ ಗೆರಟೆ" ಹೇಳಿದೆ. ಅವು ಮತ್ತೆ ಜೆಪಕ್ಕೆ ಕೂದವು.

ಮೀನು ತಿಂಬ ಮನೆಯವಕ್ಕೆ ಈ ತಲೆಬೆಶಿ ಇಲ್ಲೆ. ಬೇಶಿದ ಮೀನು ಮುಳ್ಳು ತೆಗದು ಕೊಟ್ರಾತು, ಆದರೆ ನೀರುಳ್ಳಿ ಬೆಳ್ಳುಳ್ಳಿ ಹಾಕಿದ ಗಸಿ ಬೇಡ, ಅದು ಪುಚ್ಚೆಯ ನೆತ್ತರು ಹಾಳು ಮಾಡ್ತು. ಬಾಯಿ ಒಡದು ಸುರಿವಲೂ ಆಗ. ಮೂಗು ಕಟ್ಟಿದ್ದಕ್ಕೆ ಶ್ವಾಸಕೋಶಕ್ಕೆ ಹೋಕು.

ಬೆಂಗಳೂರಿಂದ ಮಗಳು ದಿನಾ ಕೇಳುಗು, ಅಜ್ಜಿಗೆ ಅಂಟುಗೋ ಹೇಳಿ. ಈ ವೈರಸ್ಸುಗೊ ಮನುಷ್ಯರಿಂಗೆ ಅಂಟುತ್ತವಿಲ್ಲೆ. ಅಂಟುದು ಇನ್ನೊಂದು ಪುಚ್ಚಗೆ, ಸೀನಿಂದ, ತಟ್ಟೆಂದ, ನಮ್ಮ ಕೈಂದ. ಎಂಗಳ ಕೆಂಪನ ಹಾಂಗಾಗಿ ಎರಡು ವಾರ ಆಚ ಕೊಟ್ಟಗೆಲಿ ಹಾಕಿದೆ, ಇದರ ಮುಟ್ಟಿದ ಮೇಲೆ ಸಾಬೂನಿಲಿ ಕೈ ತೊಳದೇ ಅದರ ಹತ್ತರೆ ಹೋದ್ದು.

ಆಚೆಮನೆ ಅಕ್ಕಂಗೆ ಒಂದು ಮಾತು: ನಿಂಗಳದ್ದು ಮರಿ, ಕಾವಲೆ ಹೋಗೆಡಿ. ಸಣ್ಣ ಮರಿಗೊಕ್ಕೆ ತಡಕ್ಕೊಂಬ ಶೆಗ್ತಿ ಕಮ್ಮಿ, ಇಂದೇ ಡಾಕ್ಟ್ರಿಂಗೆ ತೋರ್ಸಿ. ದೊಡ್ಡದಾದರೂ ಒಂದು ದಿನ ಪೂರ್ತಿ ತಿನ್ನದ್ರೆ, ಕಣ್ಣು ಮಬ್ಬಾದರೆ ಹೋಪಲೇ ಬೇಕು. ಬಾಯಿ ಒಡದು ಉಸುಲು ತೆಗದರೆ ಹೊತ್ತು ನೋಡ್ಲೇ ಆಗ.

ಬೆಳ್ಳಿ ಹತ್ತು ದಿನಲ್ಲಿ ಸರಿ ಆತು. ಹರ್ಪಿಸ್ ಆದರೆ ಮೈಂದ ಪೂರ್ತಿ ಹೋವ್ತಿಲ್ಲೆಡ. ಮನೆಲಿ ಜೆಂಬ್ರ ಇದ್ದು, ನೆಂಟ್ರು ತುಂಬಿದವು ಹೇಳಿ ಆದರೆ ಈಗಳೂ ನಾಲ್ಕು ದಿನ ಸೀನುತ್ತು. ಗುಣ ಆದ ಮೇಲೆ ಎರಡಕ್ಕೂ ತ್ರೀ ಇನ್ ಒನ್ ಲಸಿಕೆ ಹಾಕ್ಸಿದೆ. ಅದು ಹಾಕಿರೆ ಶೀತವೇ ಬಾರ ಹೇಳಿ ಇಲ್ಲೆ, ಬಂದರೂ ಜೋರಾವ್ತಿಲ್ಲೆ. ಆ ಮೀನಿನ ಪೊಟ್ಟಣಂಗಳಲ್ಲಿ ಎರಡು ಹಟ್ಟಿಯ ಮಾಡಿಲಿ ಇನ್ನೂ ಇದ್ದು, ತಾರೀಕು ಮುಗುದ್ದಿಲ್ಲೆ. ಬೇಕಾದರೆ ಮಾಣಿಯ ಕಳುಸಿ ಅಕ್ಕ.