ದ್ರಾಕ್ಷಿಯ ಸೀಮೆಯಲ್ಲಿ ಒಂದು ದಿನ

ಗೆಳೆಯರು ಮೂವರು ಬೈಸಿಕಲ್ಲುಗಳಿಗೆ ಗುಡಾರ, ಕಂಬಳಿ, ಪಾತ್ರೆಗಳನ್ನು ಬಿಗಿದು ದೇವನಹಳ್ಳಿಯಿಂದ ನಂದಿಯ ಕಡೆಗೆ ಹೊರಟೆವು. ಮಾರ್ಚ್ ಕೊನೆಯ ಬಿಸಿಲು. 1,478 ಮೀಟರ್ ಎತ್ತರದ ಆ ಬೆಟ್ಟ ಎಷ್ಟು ತುಳಿದರೂ ಹತ್ತಿರ ಬರಲೊಲ್ಲದು! ಭೋಗನಂದೀಶ್ವರನ ಗುಡಿಯ ಹೊರಗೆ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು.

ಅಲ್ಲಿಂದ ಮುಂದೆ ದ್ರಾಕ್ಷಿಯೋ ದ್ರಾಕ್ಷಿ. ಕಲ್ಲುಕಂಬದ ಚಪ್ಪರಗಳ ಮೇಲೆ ಹಬ್ಬಿದ್ದುದು 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ; ತಂತಿಯ ಸಾಲುಗಳಲ್ಲಿ ನಿಂತವು ವೈನಿಗಾಗಿ ತಂದ ಫ್ರಾನ್ಸಿನ ತಳಿಗಳು. ವೈನೆಂದೊಡನೆ ಹುಬ್ಬೇರಿಸುವವರು ಈ ಬಿಸಿಲಿನಲ್ಲಿ ಬಳ್ಳಿ ಸವರುವವರನ್ನೊಮ್ಮೆ ನೋಡಬೇಕು.

ಸಂಜೆ ಒಬ್ಬ ರೈತರ ಅಪ್ಪಣೆ ಪಡೆದು ಅವರ ತೋಟದಂಚಿನಲ್ಲೇ ಗುಡಾರ ಹೂಡಿದೆವು. ಅನ್ನ ಸೀದಿತ್ತು, ಹಸಿವಿಗೆ ಅದರ ಗೊಡವೆಯಿರಲಿಲ್ಲ. ರಾತ್ರಿ ಮಿಂಚಿತು, ತಂಗಾಳಿ ಬೀಸಿತು. ಗೆಳೆಯನೊಬ್ಬ ಮಳೆಯ ಹಾಡೊಂದನ್ನು ಎತ್ತಿಕೊಂಡ. ಟಾರ್ಚು ಹಿಡಿದು ಸಾಲುಗಳ ನಡುವೆ ಅಡ್ಡಾಡುತ್ತಿದ್ದ ಯಜಮಾನರು ನಿಂತರು.

"ಮಾಗಿದ ಹಣ್ಣು ನೀರು ಕುಡಿದ್ರೆ ಸಿಪ್ಪೆ ಸೀಳ್ತದೆ ಕಣ್ರಪ್ಪಾ. ಸಕ್ಕರೆ ಇಳಿದ್ರೆ ವೈನಿನವರು ತಗೊಳ್ಳೋದಿಲ್ಲ. ನಾಳಿದ್ದು ಕುಯ್ಲು."

ಹಾಡು ಅಲ್ಲಿಗೇ ನಿಂತಿತು. ಆಮೇಲೆ ನಾಲ್ವರೂ ಮುಗಿಲು ನೋಡುತ್ತ ಕುಳಿತೆವು. ನಡುರಾತ್ರಿಯ ಹೊತ್ತಿಗೆ ಗುಡಾರದ ಮೇಲೆ ನಾಲ್ಕು ಹನಿ ಬಿದ್ದವು; ಮೋಡ ಚಿಂತಾಮಣಿಯ ಕಡೆಗೆ ಸರಿಯಿತು. ಯಜಮಾನರು ಬೀಡಿ ಹಚ್ಚಿದರು.